ಹೆಲ್ಮೆಟ್ಟಿನೊಳಗೆ ಒಂದೇ ಕಿವಿಗೆ ಹಾಡು

ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಪ್ಯಾಂಟಿಗೆ ಆರ್ಡರ್ ಹಿಡಿಯೋದು ನನ್ನ ಕೆಲಸ. ವಾರಕ್ಕೆರಡು ಸಲ ಸ್ಯಾಂಪಲ್ ಚೀಲ ಬೈಕಿಗೆ ಕಟ್ಟಿಕೊಂಡು ಸಿರುಗುಪ್ಪ, ಸಿಂಧನೂರು, ಮಾನ್ವಿ ಅಂಗಡಿಗಳನ್ನು ಮುಗಿಸಿ ರಾತ್ರಿಗೆ ರಾಯಚೂರು ಸೇರುತ್ತೇನೆ. 150 ಕಿ.ಮೀ. ಮೇಲಿನ ದಾರಿ, ಜೊತೆಗೆ ಯಾರೂ ಇರುವುದಿಲ್ಲ. ತೆಕ್ಕಲಕೋಟೆ ದಾಟಿದ ಮೇಲೆ ಭತ್ತದ ಗದ್ದೆ, ಕಾಲುವೆ, ಮತ್ತೆ ಭತ್ತದ ಗದ್ದೆ. ಹಾಡು ಬೇಕೇ ಬೇಕು.

ನಾನು ಕೇಳುವುದು ಹೆಚ್ಚಾಗಿ ವಚನ, ದಾಸರ ಪದ. ಸಿದ್ಧರಾಮ ಜಂಬಲದಿನ್ನಿ, ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು. ಇದನ್ನು ಮೊದಲೇ ಹೇಳಲು ಕಾರಣವಿದೆ. ಜಂಬಲದಿನ್ನಿಯವರು ಒಂದು ಸಾಲನ್ನು ಕೊನೆಗೆ ಇಳಿಸುವಾಗ ದನಿ ಎಳೆ ಎಳೆಯಾಗಿ ಸಣ್ಣದಾಗುತ್ತದೆ. ಆ ಎಳೆ ಹೆಲ್ಮೆಟ್ಟಿನೊಳಗೆ ಕೇಳಿಸಿತೋ ಇಲ್ಲವೋ, ಅದೇ ನನ್ನ ಪರೀಕ್ಷೆ. ಎರಡು ವರ್ಷದಲ್ಲಿ ಇಯರ್‌ಫೋನ್, ಸ್ಪೀಕರ್ ಎಂದು ನಾಲ್ಕು ಬಗೆಯವನ್ನು ಕೊಂಡೆ. ಮೂರನ್ನು ಬಿಟ್ಟೆ.

ಮೊದಲನೆಯದು ಕುತ್ತಿಗೆಗೆ ಹಾಕುವ ನೆಕ್‌ಬ್ಯಾಂಡ್. ಮನೆಯಲ್ಲಿ ಚೆಂದ. ಬೈಕ್ ಮೇಲೆ ಮಾತ್ರ, ಹಿಂದೆ ಬರುವ ಗಾಡಿ ನೋಡಲು ಕತ್ತು ತಿರುಗಿಸಿದಾಗಲೆಲ್ಲ ಹೆಲ್ಮೆಟ್ಟಿನ ಅಂಚು ವೈರನ್ನು ಎಳೆದು ಒಂದು ಕಿವಿಯದು ಸಡಿಲವಾಗುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಅದು ಹೆಂಡತಿಯ ಪಾಲಾಯಿತು.

ಎರಡನೆಯದಕ್ಕೆ 2,400 ರೂಪಾಯಿ ಕೊಟ್ಟಿದ್ದೆ. ವೈರಿಲ್ಲದ್ದು, ಕಿವಿಯಿಂದ ಕೆಳಗೆ ಕಡ್ಡಿಯಂತೆ ಇಳಿಬಿದ್ದಿರುವಂಥದ್ದು, ಹೊರಗಿನ ಸದ್ದನ್ನು ಅಳಿಸುವ ನಾಯ್ಸ್ ಕ್ಯಾನ್ಸಲಿಂಗ್ ಬೇರೆ. ಬಸ್ಸಿನಲ್ಲಿ ಕೂತು ಕೇಳಿದಾಗ ಇಂಜಿನ್ ಸದ್ದು ನಿಂತೇ ಹೋದಂತಿತ್ತು, ಖುಷಿಪಟ್ಟೆ. ಆದರೆ ಆ ತಂತ್ರ ಕೆಲಸ ಮಾಡುವುದು ಪುಟ್ಟ ಮೈಕ್‌ಗಳಿಂದ. ಅವು ಹೊರಗಿನ ಸದ್ದನ್ನು ಹಿಡಿದು, ಅದಕ್ಕೆ ಎದುರಾದ ಅಲೆಯನ್ನು ಹುಟ್ಟಿಸಿ ಎರಡನ್ನೂ ಅಳಿಸುತ್ತವೆ. ಒಂದೇ ಸಮನೆ ಗುಂಯ್ ಎನ್ನುವ ಸದ್ದಿಗೆ ಇದು ಸರಿ. ವೈಸರ್ ಕೆಳಗಿಂದ ನುಗ್ಗುವ ಗಾಳಿ ಹಾಗಲ್ಲ, ಕ್ಷಣಕ್ಕೊಂದು ಥರ ಬಡಿಯುತ್ತದೆ. ಅದು ನೇರ ಮೈಕಿಗೇ ಹೊಡೆದಾಗ ಕಿವಿಯೊಳಗೆ ಡಬಡಬ ಎಂದು ಇನ್ನೊಂದು ಹೊಸ ಸದ್ದು. ಮುಟ್ಟಿದರೆ ಕೆಲಸ ಮಾಡುವ ಟಚ್ ಇದ್ದದ್ದರಿಂದ ಹೆಲ್ಮೆಟ್ಟಿನ ಸ್ಪಂಜು ತಾಗಿ ಹಾಡು ತಾನಾಗೇ ನಿಲ್ಲುವುದು, ಮುಂದಿನದಕ್ಕೆ ಹಾರುವುದು ಬೇರೆ. ಕಡೆಗೊಂದು ದಿನ ಸಿರುಗುಪ್ಪದಲ್ಲಿ ಚಹಾಕ್ಕೆ ನಿಲ್ಲಿಸಿ ಹೆಲ್ಮೆಟ್ ಎತ್ತಿದೆ. ಎಡಗಿವಿಯದು ಸ್ಪಂಜಿಗೆ ಸಿಕ್ಕಿಕೊಂಡು ಮೇಲೆ ಬಂತು, ಒಂದು ಗಳಿಗೆ ನೇತಾಡಿತು, ಕೆಳಗೆ ಬಿದ್ದು ಉರುಳಿತು. ಬಗ್ಗುವಷ್ಟರಲ್ಲಿ ಭತ್ತದ ಲಾರಿಯ ಹಿಂದಿನ ಗಾಲಿ ಅದರ ಮೇಲೆ ಹಾದುಹೋಗಿತ್ತು. ಬಿಳಿ ಪುಡಿ, ತಾಮ್ರದ ಕೂದಲೆಳೆಯಂಥ ಒಂದು ತಂತಿ, ಅಷ್ಟೇ ಉಳಿದದ್ದು.

ಅದು ಹೋದದ್ದಕ್ಕಿಂತ ದೊಡ್ಡ ವಿಷಯ ಅದಕ್ಕೂ ವಾರ ಮೊದಲು ನಡೆದಿತ್ತು. ಸಿಂಧನೂರು ರಸ್ತೆಯಲ್ಲಿ ಎರಡೂ ಕಿವಿ ಮುಚ್ಚಿಕೊಂಡು ಹೋಗುತ್ತಿದ್ದೆ. ಬಲಗಡೆಯಿಂದ ಲಾರಿ ದಾಟಿದ್ದು ನನಗೆ ತಿಳಿದದ್ದು ಅದರ ಗಾಳಿ ಬೈಕನ್ನು ಮಣ್ಣಿನ ಅಂಚಿಗೆ ತಳ್ಳಿದಾಗ. ಅವನು ಹಾರ್ನ್ ಹೊಡೆದೇ ಇದ್ದನಂತೆ; ಹಿಂದೆ ಬರುತ್ತಿದ್ದ ಆಟೋದವನು ನಿಲ್ಲಿಸಿ, ‘ಅಷ್ಟು ಹಾರ್ನ್ ಹೊಡದ್ರೂ ಕೇಳ್ಸಲಿಲ್ಲೇನಣ್ಣ? ಮನ್ಯಾಗ ಹೆಂಡ್ರು ಮಕ್ಕಳು ಇಲ್ಲೇನು?’ ಅಂದ. ಉತ್ತರ ಕೊಡಲು ನನ್ನ ಬಾಯಿ ಒಣಗಿತ್ತು. ಅವತ್ತಿನಿಂದ ಬೈಕ್ ಮೇಲೆ ಬಲಗಿವಿ ಖಾಲಿ. ನಮ್ಮನ್ನು ದಾಟುವ ಗಾಡಿ ಬರುವುದು ಬಲಗಡೆಯಿಂದ, ಆ ಕಿವಿ ರಸ್ತೆಗೆ.

ಎರಡೂ ಕಿವಿ ತೆರೆದಿರಲಿ ಎಂದು ಮೂರನೆಯದಾಗಿ ಹೆಲ್ಮೆಟ್ಟಿನ ಒಳಗೇ ಅಂಟಿಸುವ ಚಪ್ಪಟೆ ಸ್ಪೀಕರ್ ತಂದೆ. ಊರೊಳಗೆ, 40ರ ವೇಗದಲ್ಲಿ ಇದರಷ್ಟು ಆರಾಮ ಬೇರಿಲ್ಲ. ಸ್ಪೀಕರ್ ಸರಿಯಾಗಿ ಕಿವಿಯ ತೂತಿನ ಎದುರಿಗೇ ಕೂರಬೇಕು. ಒಂದು ಬೆರಳಷ್ಟು ಆಚೀಚೆಯಾದರೂ ದನಿ ಅರ್ಧ ಹೋಗುತ್ತದೆ. 60 ದಾಟಿದರೆ ಮಾತ್ರ ಗಾಳಿಯೇ ಗೆಲ್ಲುತ್ತದೆ, ಕೈ ತಾನಾಗೇ ವಾಲ್ಯೂಮ್ ಹೆಚ್ಚಿಸಲು ಹೋಗುತ್ತದೆ. ನಾನು ಅದನ್ನು ಬಿಟ್ಟದ್ದು ಇದೇ ಕಾರಣಕ್ಕೆ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. 80 ಕಿ.ಮೀ. ವೇಗದ ಹೊತ್ತಿಗೆ ಹೆಲ್ಮೆಟ್ ಒಳಗೆ ಬರೀ ಗಾಳಿಯ ಸದ್ದೇ 90 ಡೆಸಿಬೆಲ್ಲಿನ ಆಸುಪಾಸು ಇರುತ್ತದೆ. ಕಾರ್ಖಾನೆ ಕೆಲಸಗಾರರ ಕಿವಿ ಕೆಡದಿರಲೆಂದು ತಜ್ಞರು ಹಾಕಿರುವ ಲೆಕ್ಕದಲ್ಲಿ ಸದ್ದು 85 ಡೆಸಿಬೆಲ್ ಆದರೆ ದಿನಕ್ಕೆ 8 ಗಂಟೆಯವರೆಗೆ. ಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಹೊತ್ತು ಅರ್ಧಕ್ಕರ್ಧ ಇಳಿಯುತ್ತದೆ. 91ಕ್ಕೆ ಎರಡೇ ಗಂಟೆ, 97ಕ್ಕೆ ಅರ್ಧ ಗಂಟೆ. ಗಾಳಿಯನ್ನು ಮೀರಿಸಿ ಹಾಡು ಕೇಳಬೇಕೆಂದರೆ ನಾವು ಎಲ್ಲಿಗೆ ಹೋಗಿ ನಿಲ್ಲುತ್ತೇವೆ ನೋಡಿ. ಹೋದ ಕಿವಿ ಮತ್ತೆ ಬರುವುದಿಲ್ಲ. ಹಾಗಾಗಿ ನಾನು ಬೈಕನ್ನು 60 ದಾಟಿಸುವುದಿಲ್ಲ, ಮತ್ತು ಇಯರ್‌ಫೋನನ್ನು ಆರಿಸುವುದು ಅದು ಎಷ್ಟು ಜೋರಾಗಿ ಹಾಡುತ್ತದೆ ಎಂದಲ್ಲ, ಎಷ್ಟು ಮೆಲ್ಲಗೆ ಹಾಡಿದರೂ ಕೇಳಿಸುತ್ತದೆ ಎಂದು.

ಈಗ ಹಾಕುತ್ತಿರುವುದು ಬಳ್ಳಾರಿಯ ಬೆಂಗಳೂರು ರಸ್ತೆಯ ಒಂದು ಅಂಗಡಿಯಲ್ಲಿ 1,300 ರೂಪಾಯಿಗೆ ತಂದದ್ದು. ಹೆಲ್ಮೆಟ್ಟನ್ನು ಕೈಯಲ್ಲೇ ಹಿಡಿದು ಹೋಗಿದ್ದೆ. ‘ಇದನ್ನ ಹಾಕ್ಕೊಂಡು ನೋಡ್ಲೇನಪ್ಪ?’ ಅಂದೆ. ಹುಡುಗ ‘ನೋಡ್ರಣ್ಣ, ಅದ್ರಾಗೇನೈತಿ’ ಎಂದು ಮೂರು ಡಬ್ಬಿ ತೆಗೆದಿಟ್ಟ. ಮೂರನ್ನೂ ಒಂದೊಂದಾಗಿ ಹಾಕಿ, ಹೆಲ್ಮೆಟ್ ತೊಟ್ಟು, ತೆಗೆದು, ಮತ್ತೆ ತೊಟ್ಟು ನೋಡಿದೆ. ಎರಡು ಜಾರಿದವು. ಮೂರನೆಯದು ಹುಣಸೆ ಬೀಜದಷ್ಟು ಚಿಕ್ಕದು, ಕಡ್ಡಿಯಿಲ್ಲ, ಕಿವಿಯ ಗುಣಿಯಲ್ಲಿ ಪೂರ್ತಿ ಮುಳುಗುತ್ತದೆ. ಟಚ್ ಬದಲು ಒತ್ತುವ ಬಟನ್. ಬೆವರಿಗೆ, ತುಂತುರು ಮಳೆಗೆ ತಡೆಯುವ ಐಪಿಎಕ್ಸ್4 ಇದೆ. ನಮ್ಮ ಬೇಸಿಗೆಗೆ ಅದು ಬೇಕು.

ಅದರ ಜೊತೆ ಬಂದ ಸಿಲಿಕೋನ್ ಟೋಪಿ ಬೆವರಿಗೆ ಜಾರುತ್ತಿತ್ತು. ಬೇರೆಯಾಗಿ ಸ್ಪಂಜಿನಂಥ ಫೋಮ್ ಟಿಪ್ ತರಿಸಿದೆ. ಎರಡು ಬೆರಳಲ್ಲಿ ಬತ್ತಿ ಹೊಸೆದಂತೆ ಹೊಸೆದು ಕಿವಿಗಿಟ್ಟು ಹತ್ತೆಣಿಸುವ ತನಕ ಒತ್ತಿ ಹಿಡಿದರೆ ಅದು ಒಳಗೇ ಅರಳಿ ತೂತು ತುಂಬುತ್ತದೆ. ಗಾಳಿ ಸದ್ದು ದೂರ ಸರಿಯುತ್ತದೆ. ಮೊದಲ ದಿನ ತೆಕ್ಕಲಕೋಟೆ ಹತ್ತಿರ, ವಾಲ್ಯೂಮ್ ಅರ್ಧಕ್ಕಿಂತ ಕೆಳಗಿದ್ದಾಗಲೇ, ಆ ಸಣ್ಣದಾಗುವ ಎಳೆ ಕೊನೆಯವರೆಗೂ ಕೇಳಿಸಿತು. ಬೈಕ್ ಬದಿಗೆ ನಿಲ್ಲಿಸಿದೆ. ಇಂಜಿನ್ ಆಫ್ ಮಾಡಿ ಅದೇ ವಾಲ್ಯೂಮಿನಲ್ಲಿ ಮತ್ತೆ ಕೇಳಿದೆ. ನಿಂತ ಬೈಕಿನಲ್ಲಿ ಜೋರೆನಿಸಿದರೆ ಓಡುವಾಗಲೂ ಅದು ಕಿವಿಗೆ ಜೋರೇ. ಇದು ಹಿತವಾಗಿಯೇ ಇತ್ತು.

ಡಬ್ಬಿಯ ಮೇಲೆ ‘ಬೇಸ್’ (ಕೆಳದನಿ) ಎಂದು ದೊಡ್ಡದಾಗಿ ಬರೆದದ್ದನ್ನು ಬೈಕಿಗೆಂದು ತರಬೇಡಿ. ಗಾಳಿಯ ಸದ್ದೂ ಕೆಳದನಿಯದೇ, ಡೊಳ್ಳಿನ ಪೆಟ್ಟನ್ನು ಅದು ನುಂಗಿಹಾಕುತ್ತದೆ. ಗಾಳಿ ದಾಟಿ ಬರುವುದು ಹಾಡುವವರ ದನಿ, ಹಾರ್ಮೋನಿಯಂ. ಒಂದೇ ಕಿವಿಗೆ ಹಾಕುವವರು ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ‘ಮೊನೊ ಆಡಿಯೋ’ ಆನ್ ಮಾಡಿಕೊಳ್ಳಿ. ಆಗ ಎರಡೂ ಕಿವಿಯ ದನಿ ಒಂದರಲ್ಲೇ ಬರುತ್ತದೆ. ಇಲ್ಲವಾದರೆ ರೆಕಾರ್ಡಿಂಗಿನಲ್ಲಿ ಬಲಗಿವಿಗೆ ಮಾತ್ರ ಇಟ್ಟ ವಾದ್ಯ ನಿಮಗೆ ಸಿಗದೇ ಹೋಗಬಹುದು.

ಕುಂದುಗಳೂ ಇವೆ. ಫೋಮ್ ಬೆವರು ಕುಡಿದು ಎರಡು ಮೂರು ತಿಂಗಳಿಗೆ ಬಿರುಸಾಗುತ್ತದೆ, ಒಂದು ಜೋಡಿ ಜೇಬಿನಲ್ಲಿ ಇಟ್ಟುಕೊಂಡಿರುತ್ತೇನೆ. ಎರೆಮಣ್ಣಿನ ಧೂಳು ಜಾಲರಿಗೆ ಕೂತು ದನಿ ಮಂಕಾಗುತ್ತದೆ. ಒಣಗಿದ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ವಾರಕ್ಕೊಮ್ಮೆ ಉಜ್ಜುತ್ತೇನೆ. ಒಂದೂವರೆ ಗಂಟೆಯಾದರೆ ಎಡಗಿವಿ ನೋಯುತ್ತದೆ, ಸಿಂಧನೂರು ಬರುವಷ್ಟರಲ್ಲಿ ತೆಗೆದುಬಿಡುತ್ತೇನೆ. ಊರೊಳಗೆ, ಸರ್ಕಲ್‌ಗಳಲ್ಲಿ ಹಾಡು ಬಂದ್. ಫೋನ್ ಬಂದರೆ ಗಾಡಿ ಬದಿಗೆ ಹಾಕಿಯೇ ಮಾತು.

ಬಲಗಿವಿಯದು ದಾರಿಯುದ್ದಕ್ಕೂ ಡಬ್ಬಿಯಲ್ಲೇ ಇರುತ್ತದೆ. ರಾತ್ರಿ ರಾಯಚೂರಿನ ಲಾಡ್ಜ್ ಸೇರಿ, ಕೈಕಾಲು ತೊಳೆದು, ಎರಡನ್ನೂ ಹಾಕಿಕೊಂಡು ಮಲಗುತ್ತೇನೆ. ಬೆಳಿಗ್ಗೆ ಅರ್ಧ ಕೇಳಿ ಬಿಟ್ಟ ವಚನವನ್ನು ಮೊದಲಿನಿಂದ ಹಚ್ಚುತ್ತೇನೆ.