ಹಂಸದ ಕೊರಳಿನಲ್ಲಿರುವ ಕತ್ತಲು: ಎಂಟು ಇಂಚಿನ ಡಾಬ್ಸೋನಿಯನ್ ದೂರದರ್ಶಕದೊಂದಿಗೆ ಎರಡು ವರ್ಷ

ದೂರದರ್ಶಕ ಕೊಳ್ಳುವವರಲ್ಲಿ ಹೆಚ್ಚಿನವರು ಶನಿಯ ಬಳೆಗಳನ್ನೋ ಚಂದ್ರನ ಕುಳಿಗಳನ್ನೋ ನೋಡುವ ಆಸೆಯಿಂದ ಕೊಳ್ಳುತ್ತಾರೆ. ನಾನು ಎರಡು ವರ್ಷಗಳ ಹಿಂದೆ 200 ಮಿಲಿಮೀಟರ್, ಅಂದರೆ ಎಂಟು ಇಂಚು ಅಗಲದ ಕನ್ನಡಿಯಿರುವ ಡಾಬ್ಸೋನಿಯನ್ ಒಂದನ್ನು ಕೊಂಡದ್ದು ಒಂದು ಭಯದ ಕಾರಣಕ್ಕೆ. ಇದೇ ಅಳತೆಯ, ಇದೇ ವಿನ್ಯಾಸದ ಉಪಕರಣ ಬೇರೆ ಬೇರೆ ಹೆಸರುಗಳಲ್ಲಿ ಮಾರಾಟವಾಗುವುದರಿಂದ ಇಲ್ಲಿ ಬರೆಯುತ್ತಿರುವುದು ಒಂದು ಕಂಪನಿಯ ವಿಮರ್ಶೆಯಲ್ಲ, ಒಂದು ಬಗೆಯ ಉಪಕರಣದ ವಿಮರ್ಶೆ. ನಾನು ಕೊಟ್ಟ ಬೆಲೆ ಐವತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು.

ಭಯ ಶುರುವಾದ ದಿನಾಂಕ ನನಗೆ ನೆನಪಿದೆ. 2019ರ ಏಪ್ರಿಲ್ 10ರಂದು, ಬೆಳಕನ್ನೂ ಹೊರಬಿಡದ ಕಪ್ಪುಕುಳಿಯೊಂದರ ಮೊದಲ ಚಿತ್ರ ಬಿಡುಗಡೆಯಾಯಿತು. ಎಂ87 ಎಂಬ ನಕ್ಷತ್ರಲೋಕದ ನಡುವೆ, ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, 650 ಕೋಟಿ ಸೂರ್ಯರ ತೂಕದ ಕತ್ತಲು. ಸುತ್ತಲೂ ಕೆಂಡದ ಬಳೆ. ಎಲ್ಲರೂ ಸಂಭ್ರಮದಿಂದ ಹಂಚಿಕೊಳ್ಳುತ್ತಿದ್ದ ಆ ಚಿತ್ರವನ್ನು ನೋಡಿ ಮಲಗಿದ ನನಗೆ ಅಂದು ರಾತ್ರಿ ಎದೆ ಬಿಗಿದಂತಾಗಿ ಎಚ್ಚರವಾಯಿತು. ಮಗಳ ಶಾಲೆಯ ಶುಲ್ಕ, ಅಪ್ಪನ ಔಷಧಿ, ಮನೆಯ ಸಾಲದ ಕಂತು, ಇವೆಲ್ಲವನ್ನೂ ಹೊತ್ತು ನಡೆಯುತ್ತಿದ್ದ ನೆಲವೇ ಅಡಿಯಿಂದ ಜಾರಿದಂತೆ ಅನ್ನಿಸಿತು. ಅಷ್ಟು ದೊಡ್ಡ ಬಯಲಿನಲ್ಲಿ ಇವುಗಳ ಲೆಕ್ಕವನ್ನು ಯಾರು ಇಟ್ಟಾರು ಎಂಬ ಪ್ರಶ್ನೆ ಆ ಮೇಲೆ ವಾರಕ್ಕೊಮ್ಮೆಯಾದರೂ ನಡುರಾತ್ರಿಯಲ್ಲಿ ಬಂದು ಕೂರುತ್ತಿತ್ತು. ನಲವತ್ತು ದಾಟಿದ ಗೃಹಸ್ಥನೊಬ್ಬ ಇದನ್ನು ಯಾರ ಮುಂದೆಯೂ ಹೇಳಿಕೊಳ್ಳುವಂತಿರಲಿಲ್ಲ.

ಓದುತ್ತ ಹೋದಂತೆ ಒಂದು ಸಂಗತಿ ತಿಳಿಯಿತು: ಕಪ್ಪುಕುಳಿ ಕಣ್ಣಿಗೆ ಕಾಣದಿದ್ದರೂ ಅದರ ಜೊತೆಗಾರ ನಕ್ಷತ್ರವೊಂದನ್ನು ಹವ್ಯಾಸಿಯ ದೂರದರ್ಶಕದಲ್ಲೇ ನೋಡಬಹುದು. ಸಿಗ್ನಸ್ ಎಕ್ಸ್-1 ಎಂಬ ಆ ಜೋಡಿ ಹಂಸ ನಕ್ಷತ್ರಪುಂಜದಲ್ಲಿದೆ. ಮನುಷ್ಯರು ಮೊಟ್ಟಮೊದಲು ಗುರುತಿಸಿದ ಕಪ್ಪುಕುಳಿ ಇದೇ.

ಉಪಕರಣದ ಮಾತಿಗೆ ಬರುತ್ತೇನೆ. ಡಾಬ್ಸೋನಿಯನ್ ಎಂದರೆ ಒಂದು ಉದ್ದನೆಯ ಕೊಳವೆ, ತಳದಲ್ಲಿ ಬಟ್ಟಲಿನಂತೆ ಒಳಬಾಗಿದ ಕನ್ನಡಿ, ಬಾಯಿಯ ಹತ್ತಿರ ಓರೆಯಾಗಿ ನಿಲ್ಲಿಸಿದ ಸಣ್ಣ ಕನ್ನಡಿ, ಮತ್ತು ಇದೆಲ್ಲವನ್ನೂ ಹೊರುವ ಒಂದು ಮರದ ತೊಟ್ಟಿಲು. ಕನ್ನಡಿಗಳ ಏರ್ಪಾಡು ನ್ಯೂಟನ್ನನ ಕಾಲದ್ದು. ತೊಟ್ಟಿಲು ಮಾತ್ರ ಜಾನ್ ಡಾಬ್ಸನ್ ಅವರದು. ಕ್ಯಾಲಿಫೋರ್ನಿಯಾದಲ್ಲಿ ರಾಮಕೃಷ್ಣ ಸಂಪ್ರದಾಯದ ವೇದಾಂತ ಮಠಗಳಲ್ಲಿ 1944ರಿಂದ 1967ರವರೆಗೆ ಸಂನ್ಯಾಸಿಯಾಗಿದ್ದ ಡಾಬ್ಸನ್, ಹಡಗಿನ ಕಿಟಕಿಯ ಗಾಜನ್ನು ಉಜ್ಜಿ ಕನ್ನಡಿ ಮಾಡಿ, ಬೀದಿಯ ಮಕ್ಕಳಿಗೆ ಆಕಾಶ ತೋರಿಸುತ್ತಿದ್ದರು. ಆ ಹುಚ್ಚಿಗಾಗಿಯೇ ಕೊನೆಗೆ ಮಠ ಬಿಡಬೇಕಾಯಿತು. ಆಮೇಲಿನ ಬದುಕನ್ನೆಲ್ಲ ಅವರು ಕಾಲುದಾರಿಗಳಲ್ಲಿ ದೂರದರ್ಶಕ ಇಟ್ಟು, ಹಾದು ಹೋಗುವವರನ್ನು ಕರೆದು ತೋರಿಸುವುದರಲ್ಲೇ ಕಳೆದರು. ಈ ಉಪಕರಣದ ಹಿಂದೆ ಇಂಥ ಒಬ್ಬ ಮನುಷ್ಯ ಇದ್ದಾರೆಂಬುದು ಅದನ್ನು ಬಳಸುವಾಗ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ.

ಪೂರ್ತಿ ಕತ್ತಲೆಯಲ್ಲಿ ನಮ್ಮ ಕಣ್ಣಿನ ಪಾಪೆ ಹೆಚ್ಚೆಂದರೆ ಏಳು ಮಿಲಿಮೀಟರ್ ಅರಳುತ್ತದೆ. ಅದರ ಮುಂದೆ ಈ ಕನ್ನಡಿ ಸುಮಾರು ಎಂಟುನೂರು ಪಟ್ಟು ಹೆಚ್ಚು ಬೆಳಕನ್ನು ಹಿಡಿಯುತ್ತದೆ. ಸಂಗಮದೂರ, ಅಂದರೆ ಕನ್ನಡಿಯಿಂದ ಬೆಳಕು ಒಂದೆಡೆ ಕೂಡುವ ಬಿಂದುವಿಗಿರುವ ದೂರ, 1,200 ಮಿಲಿಮೀಟರ್. ಜೊತೆಗೆ ಬರುವ, ಕಣ್ಣಿಟ್ಟು ನೋಡುವ ಮಸೂರಗಳಲ್ಲಿ 25 ಮಿ.ಮೀ. ಐಪೀಸಿನಲ್ಲಿ 48 ಪಟ್ಟು, 10 ಮಿ.ಮೀ. ಐಪೀಸಿನಲ್ಲಿ 120 ಪಟ್ಟು ಹಿಗ್ಗಿದ ನೋಟ ಸಿಗುತ್ತದೆ. ಮೋಟಾರು ಇಲ್ಲ, ಬ್ಯಾಟರಿ ಇಲ್ಲ. ಭೂಮಿ ತಿರುಗುವುದರಿಂದ ನೋಡುತ್ತಿರುವ ನಕ್ಷತ್ರ 120 ಪಟ್ಟಿನಲ್ಲಿ ಎರಡು ನಿಮಿಷದೊಳಗೆ ನೋಟದಿಂದ ಜಾರಿ ಹೋಗುತ್ತದೆ. ಕೊಳವೆಯನ್ನು ಕೈಯಿಂದ ಮೆಲ್ಲಗೆ ತಳ್ಳಿ ಹಿಂಬಾಲಿಸಬೇಕು. ಮೊದಮೊದಲು ಇದು ತೊಂದರೆ ಎನ್ನಿಸಿತು, ಈಗ ಅದೇ ಇಷ್ಟ. ನಾನು ನಿಂತಿರುವ ನೆಲ ತಿರುಗುತ್ತಿದೆ ಎಂಬುದನ್ನು ಅಂಗೈಯಲ್ಲಿ ತಿಳಿದದ್ದು ಆಗಲೇ.

ಕೊರತೆಗಳನ್ನೂ ಹೇಳಬೇಕು. ಕೊಳವೆ ಮತ್ತು ತಳ ಸೇರಿ ಇಪ್ಪತ್ತು ಕಿಲೋ ಮೀರುತ್ತದೆ, ಆದ್ದರಿಂದ ಎರಡನೇ ಮಹಡಿಯಲ್ಲಿರುವವರು ತಾರಸಿಗೆ ದಿನವೂ ಹೊರುವ ಕನಸು ಕಾಣಬಾರದು. ತಳವನ್ನು ಪಾರ್ಟಿಕಲ್ ಬೋರ್ಡಿನಲ್ಲಿ ಮಾಡಿರುವುದರಿಂದ ನಮ್ಮ ಮಳೆಗಾಲದ ತೇವಕ್ಕೆ ಅದರ ಅಂಚು ಉಬ್ಬುತ್ತದೆ. ನನ್ನದು ಮೊದಲ ವರ್ಷವೇ ಉಬ್ಬಿತು, ಬಡಗಿಯ ಹತ್ತಿರ ಮರೈನ್ ಪ್ಲೈವುಡ್ಡಿನಲ್ಲಿ ಹೊಸದು ಮಾಡಿಸಿದೆ. ಗುರಿ ಹಿಡಿಯಲು ಕೊಟ್ಟಿರುವ ಪುಟ್ಟ ಫೈಂಡರ್ ನೇರ ನೋಟದ್ದಾದ್ದರಿಂದ ನೆತ್ತಿಯ ಹತ್ತಿರದ ನಕ್ಷತ್ರ ಹುಡುಕುವಾಗ ಕತ್ತು ಹಿಡಿಯುತ್ತದೆ. ಗಾಡಿಯಲ್ಲಿ ಸಾಗಿಸಿದಾಗಲೆಲ್ಲ ಕನ್ನಡಿಗಳ ನೇರ ತಪ್ಪುತ್ತದೆ, ಅದನ್ನು ಸರಿಪಡಿಸುವುದನ್ನು ಕಲಿಯಲು ನನಗೆ ಒಂದು ತಿಂಗಳು ಬೇಕಾಯಿತು. ಇಷ್ಟನ್ನು ಬಿಟ್ಟರೆ ಕನ್ನಡಿಯ ಗುಣದ ಬಗ್ಗೆ ನನ್ನ ದೂರೇನೂ ಇಲ್ಲ.

ಹಂಸವನ್ನು ನೋಡುವುದಕ್ಕೆ ನಮ್ಮಲ್ಲಿ ಒಂದು ದೊಡ್ಡ ಅಡ್ಡಿಯಿದೆ. ಅದು ಸಂಜೆಯ ಹೊತ್ತು ನೆತ್ತಿಗೆ ಬರುವ ಕಾಲಕ್ಕೆ ಸರಿಯಾಗಿ ಮುಂಗಾರಿನ ಮೋಡ ಕವಿದಿರುತ್ತದೆ. ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ, ಸಂಜೆ ಏಳರಿಂದ ಒಂಬತ್ತರೊಳಗೆ ಸಿಗುವ ಕೆಲವು ರಾತ್ರಿಗಳೇ ಗತಿ. ದೀಪಾವಳಿಯ ಅಮಾವಾಸ್ಯೆ ಹೆಚ್ಚಾಗಿ ಈ ಅವಧಿಯ ಆಸುಪಾಸಿನಲ್ಲೇ ಬರುತ್ತದೆ. ಹೀಗಾಗಿ ಮೊದಲ ದೀಪಾವಳಿಗೆ ನಾನು ದೂರದರ್ಶಕವನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹಿರಿಯೂರಿನ ಹತ್ತಿರ ಚಿಕ್ಕಪ್ಪನವರ ಹೊಲಕ್ಕೆ ಹೋದೆ.

ಹುಡುಕುವ ದಾರಿ ಹೀಗಿದೆ. ಹಂಸದ ಬಾಲದಲ್ಲಿ ಹೊಳೆಯುವ ಹಂಸಾಕ್ಷಿಯಿಂದ (ಡೆನೆಬ್) ಎದೆಯ ನಕ್ಷತ್ರಕ್ಕೆ ಬಂದು, ಅಲ್ಲಿಂದ ಕೊಕ್ಕಿನ ಅಲ್ಬಿರಿಯೋ ಕಡೆಗೆ ಕೊರಳಿನುದ್ದಕ್ಕೂ ಇಳಿದರೆ, ಸರಿಸುಮಾರು ನಡುವೆ ಬರಿಗಣ್ಣಿಗೆ ಕಾಣುವ ಈಟಾ ಸಿಗ್ನಿ ಇದೆ. ಅದನ್ನು 25 ಮಿ.ಮೀ. ಐಪೀಸಿನಲ್ಲಿ ನಡುವೆ ತಂದುಕೊಂಡರೆ, ಹುಣ್ಣಿಮೆಯ ಚಂದ್ರನ ಅಗಲಕ್ಕಿಂತ ಕಡಿಮೆ ದೂರದಲ್ಲಿ, ಅದೇ ನೋಟದೊಳಗೆ ಎಚ್‌ಡಿಇ 226868 ಎಂಬ, ಬರಿಗಣ್ಣಿಗೆ ಕಾಣದಷ್ಟು ಮಂಕಾದ ಒಂಬತ್ತನೇ ಕಾಂತಿಮಾನದ ನಕ್ಷತ್ರ ಸಿಗುತ್ತದೆ. ಸಿಗ್ನಸ್ ಎಕ್ಸ್-1 ಜೋಡಿಯಲ್ಲಿ ಕಣ್ಣಿಗೆ ಕಾಣುವುದು ಇದೇ. ಪಕ್ಕದಲ್ಲೇ ಇರುವ ಇನ್ನೊಂದು ಮಂಕು ನಕ್ಷತ್ರವನ್ನೇ ಅದೆಂದು ತಿಳಿದು ನಾನು ಮೊದಲು ಅರ್ಧ ಗಂಟೆ ನೋಡಿದ್ದೆ. ಮುದ್ರಿಸಿದ ನಕ್ಷೆಯೊಂದನ್ನು ಕೈಯಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಕಾಣುವುದು ಒಂದು ಚುಕ್ಕಿ, ಅಷ್ಟೆ. ಬಳೆಯಿಲ್ಲ, ಸುಳಿಯಿಲ್ಲ, ಬಣ್ಣವೂ ಹೇಳಿಕೊಳ್ಳುವಂಥದ್ದಿಲ್ಲ. ಆದರೆ ಆ ಚುಕ್ಕಿ ಸೂರ್ಯನಿಗಿಂತ ಲಕ್ಷಾಂತರ ಪಟ್ಟು ಪ್ರಕಾಶದ ನೀಲಿ ದೈತ್ಯ. ಭೂಮಿಗೂ ಸೂರ್ಯನಿಗೂ ಇರುವ ಅಂತರದ ಸುಮಾರು ಕಾಲು ಭಾಗದಷ್ಟು ಹತ್ತಿರದಲ್ಲಿ ಅದಕ್ಕೊಂದು ಕಾಣದ ಜೊತೆಯಿದೆ. ಅದರೊಡನೆ ಇದು 5.6 ದಿನಕ್ಕೊಂದು ಸುತ್ತು ಹಾಕುತ್ತದೆ. 2021ರ ಅಳತೆಯ ಪ್ರಕಾರ ಆ ಜೊತೆಯ ತೂಕ 21 ಸೂರ್ಯರಷ್ಟು. ಇಷ್ಟೂ ತೂಕ ಅಡಗಿರುವ ಘಟನಾ ದಿಗಂತದ, ಅಂದರೆ ದಾಟಿದರೆ ಬೆಳಕೂ ಮರಳಿ ಬರಲಾರದ ಎಲ್ಲೆಯ ಅಗಲ ಬೆಂಗಳೂರಿನಿಂದ ಮೈಸೂರಿಗಿರುವ ದೂರಕ್ಕಿಂತ ಕಡಿಮೆ. ನಕ್ಷತ್ರದಿಂದ ಹೊರಟ ಅನಿಲ ಅದರ ಕಡೆಗೆ ಸುರುಳಿಯಾಗಿ ಇಳಿಯುತ್ತ ಲಕ್ಷಾಂತರ ಡಿಗ್ರಿಗೆ ಕಾದು ಕ್ಷಕಿರಣಗಳನ್ನು ಚೆಲ್ಲುತ್ತದೆ. ನಮ್ಮ ವಾಯುಮಂಡಲ ಅವನ್ನು ತಡೆಯುವುದರಿಂದ, 1964ರಲ್ಲಿ ನ್ಯೂ ಮೆಕ್ಸಿಕೋದಿಂದ ಹಾರಿಸಿದ ರಾಕೆಟ್ಟೊಂದು ಮೇಲೇರಿದಾಗಲೇ ಈ ಮೂಲ ಪತ್ತೆಯಾದದ್ದು.

ಆ ಬೆಳಕು ಹೊರಟು 7,200 ವರ್ಷಗಳಾದವು. ನಮ್ಮದೇ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನ ಕೊರೆಯುವಾಗ ಅದು ಮೂರರಲ್ಲಿ ಎರಡು ಪಾಲು ದಾರಿ ಸವೆಸಿತ್ತು. ಶಾಲೆಯಲ್ಲಿ ಬಹಳ ಹಳೆಯದು ಎಂದು ಕಲಿತದ್ದರಲ್ಲಿ ಎಷ್ಟೋ ಸಂಗತಿಗಳು ಆ ಬೆಳಕು ದಾರಿಯಲ್ಲಿದ್ದಾಗಲೇ ನಡೆದು ಹೋಗಿವೆ. ಹೊಲದ ಬದುವಿನ ಮೇಲೆ ನಿಂತು ಇದನ್ನು ಲೆಕ್ಕ ಹಾಕಿದಾಗ ಹಳೆಯ ಭಯ ಮತ್ತೆ ಬಂತು, ಮೊದಲಿಗಿಂತ ಗಟ್ಟಿಯಾಗಿಯೇ ಬಂತು.

ಅಷ್ಟರಲ್ಲಿ ಚಿಕ್ಕಪ್ಪ ಟಾರ್ಚು ಹಿಡಿದು ಬಂದು, ಬಗ್ಗಿ ಐಪೀಸಿನಲ್ಲಿ ಕಣ್ಣಿಟ್ಟರು.

“ಇಷ್ಟೇ ಏನೋ? ಒಂದು ಚುಕ್ಕಿ ಐತೆ.”

“ಇಷ್ಟೇ ಚಿಕ್ಕಪ್ಪ. ಅದರ ಪಕ್ಕದಲ್ಲಿ ಇನ್ನೊಂದು ಐತೆ. ಅದು ಕಾಣಲ್ಲ.”

“ಕಾಣದೇ ಇರೋದು ಐತೆ ಅಂತ ಹೆಂಗೆ ಗೊತ್ತಾತು?”

ಕಾಣುವ ನಕ್ಷತ್ರ ಕಾಣದ್ದನ್ನು ಸುತ್ತುತ್ತಿರುವುದನ್ನು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ರಾತ್ರಿ ಕಣದಾಗೆ ಮೇಟಿ ಕಾಣಲ್ಲ. ಎತ್ತು ಸುತ್ತೋದು ಕಂಡ್ರೆ ಮೇಟಿ ಎಲ್ಲೈತೆ ಅಂತ ಗೊತ್ತಾಗ್ತೈತೆ.”

1971ರಲ್ಲಿ ಗ್ರೀನಿಚ್ ವೀಕ್ಷಣಾಲಯದ ಲೂಯಿಸ್ ವೆಬ್‌ಸ್ಟರ್ ಮತ್ತು ಪಾಲ್ ಮರ್ಡಿನ್, ಟೊರಾಂಟೋದ ಟಾಮ್ ಬೋಲ್ಟನ್ ಮಾಡಿದ್ದು ಇದನ್ನೇ. ನಕ್ಷತ್ರ ನಮ್ಮ ಕಡೆ ಬರುವುದು, ಹಿಂದೆ ಸರಿಯುವುದು, ಈ ಓಲಾಟವನ್ನು ಅದರ ಬೆಳಕಿನಲ್ಲಿ ಅಳೆದು ಮೇಟಿಯ ತೂಕ ಹೇಳಿದರು. ಚಿಕ್ಕಪ್ಪ ಕಣದ ನಡುವಿನ ಮೇಟಿ ಕಂಬಕ್ಕೆ ಎತ್ತು ಕಟ್ಟಿ ತೆನೆ ತುಳಿಸಿದವರು. ಅವರಿಗೆ ಅದು ತಿಳಿಯಲು ಎರಡು ನಿಮಿಷ ಸಾಕಾಯಿತು.

ನನ್ನ ಭಯದ ಒಂದು ಭಾಗ ಆ ಮಾತಿನಿಂದ ಸಡಿಲವಾಯಿತು. ಕಪ್ಪುಕುಳಿ ಎಂದರೆ ಎಲ್ಲವನ್ನೂ ಸೆಳೆದು ನುಂಗುವ ಬಾಯಿ ಎಂದು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ನಮ್ಮ ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ, ಆರು ಕಿಲೋಮೀಟರ್ ಅಗಲದ ಕಪ್ಪುಕುಳಿ ಬಂದು ಕೂತರೂ ಭೂಮಿ ಅದೇ ದಾರಿಯಲ್ಲಿ ಅದೇ ವೇಗದಲ್ಲಿ ಸುತ್ತುತ್ತಿರುತ್ತದೆ. ಕತ್ತಲಾಗುತ್ತದೆ, ಚಳಿಯಾಗುತ್ತದೆ, ಸೆಳೆದುಕೊಂಡು ಹೋಗುವುದಿಲ್ಲ. ಬೆಂಗಳೂರಿನವರೇ ಆದ, ಅಲ್ಲಿನ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರಾಗಿದ್ದ ಸಿ.ವಿ. ವಿಶ್ವೇಶ್ವರ ಅವರು 1970ರಲ್ಲೇ ತೋರಿಸಿದಂತೆ, ಕಪ್ಪುಕುಳಿಯನ್ನು ಕದಲಿಸಿದರೆ ಅದು ಹೊಡೆದ ಗಂಟೆಯಂತೆ ತನ್ನದೇ ಸ್ವರದಲ್ಲಿ ಮಿಡಿದು ಮತ್ತೆ ಶಾಂತವಾಗುತ್ತದೆ. ಎರಡು ಕಪ್ಪುಕುಳಿಗಳು ಒಂದಾದಾಗ ಎದ್ದ ಗುರುತ್ವದ ಅಲೆಗಳು 2015ರ ಸೆಪ್ಟೆಂಬರ್ 14ರಂದು ಭೂಮಿಯನ್ನು ತಲುಪಿದಾಗ, ಕೊನೆಗೆ ಅಡಗುತ್ತ ಹೋದ ಆ ಮಿಡಿತ ಉಪಕರಣಗಳಿಗೆ ಸಿಕ್ಕಿತು. ಮಿಡಿಯುವ, ಅಳತೆಗೆ ಸಿಗುವ, ನಿಯಮಕ್ಕೆ ಬದ್ಧವಾದ ವಸ್ತುವಿನ ಬಗ್ಗೆ ನನಗೆ ಇಂದು ಇರುವುದು ಗೌರವ.

ಭಯದ ಇನ್ನೊಂದು ಭಾಗಕ್ಕೆ, ಅಂದರೆ ವಿಸ್ತಾರದ ಭಯಕ್ಕೆ, ಈ ಉಪಕರಣ ಮದ್ದಲ್ಲ ಎಂದು ಸ್ಪಷ್ಟವಾಗಿ ಬರೆಯಬೇಕು. ಅದೇ ರಾತ್ರಿ ಕೊಳವೆಯನ್ನು ಪೂರ್ವದ ಕಡೆಗೆ ತಿರುಗಿಸಿ ದೇವಯಾನಿ (ಆಂಡ್ರೊಮಿಡಾ) ನಕ್ಷತ್ರಲೋಕವನ್ನು ನೋಡಿದೆ. ಇಪ್ಪತ್ತೈದು ಲಕ್ಷ ಜ್ಯೋತಿರ್ವರ್ಷ ದೂರದ ಆ ಮಸುಕು ಬೆಳಕಿನ ನಡುವೆ ಹತ್ತು ಕೋಟಿಗೂ ಹೆಚ್ಚು ಸೂರ್ಯರ ತೂಕದ ಕಪ್ಪುಕುಳಿಯಿದೆ, ಮತ್ತು ಅದು ನಮ್ಮ ನೆರೆಮನೆ. ಇದನ್ನು ತಿಳಿದು ನೋಡುವಾಗ ಹೊಟ್ಟೆಯಲ್ಲಿ ಆಗುವ ತಳಮಳ ಇಂದಿಗೂ ಹೋಗಿಲ್ಲ. ಬದಲಾದದ್ದು ಇಷ್ಟು: ಮೊದಲು ಅದು ಹಾಸಿಗೆಯಲ್ಲಿ, ಕಣ್ಣು ಮುಚ್ಚಿದಾಗ, ಯಾವ ದಿಕ್ಕಿನಿಂದ ಎಂದು ತಿಳಿಯದೆ ಬರುತ್ತಿತ್ತು, ಈಗ ಹೊಲದಲ್ಲಿ, ಪಕ್ಕದಲ್ಲಿ ಒಬ್ಬರು ನಿಂತಿರುವಾಗ, ನಾನಾಗಿಯೇ ಅದರ ಹತ್ತಿರ ಹೋಗುತ್ತೇನೆ. ನಡುರಾತ್ರಿ ಎಚ್ಚರವಾಗುವುದು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ.

ಕೊಳ್ಳಬೇಕೇ ಎಂದು ಕೇಳುವವರಿಗೆ: ಈ ಒಂದು ನಕ್ಷತ್ರವನ್ನು ನೋಡುವುದಷ್ಟೇ ಗುರಿಯಾದರೆ ಕತ್ತಲೆಯ ಊರಿನಲ್ಲಿ 10x50ರ ಒಳ್ಳೆಯ ಬೈನಾಕ್ಯುಲರ್ ಸಾಕು, ಖರ್ಚು ಬಹಳ ಕಡಿಮೆ. ಬೀದಿದೀಪಗಳ ನಡುವೆ ಮನೆಯಿದ್ದು ಊರ ಹೊರಗೆ ಹೋಗುವ ಅನುಕೂಲ ಇಲ್ಲದವರಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ವಾಹನ, ಪರಿಚಯದ ಹೊಲ, ವರ್ಷಕ್ಕೆ ಹತ್ತಿಪ್ಪತ್ತು ರಾತ್ರಿ ಎಚ್ಚರವಿರುವ ತಾಳ್ಮೆ ಉಳ್ಳವರು ಎಂಟು ಇಂಚಿಗಿಂತ ಚಿಕ್ಕದನ್ನು ಕೊಳ್ಳುವುದು ಬೇಡ. ತಳವನ್ನು ಮಾತ್ರ ಮಳೆಗಾಲಕ್ಕೆ ಮುಂಚೆಯೇ ಬದಲಿಸಿಕೊಳ್ಳಿ.

ಚಿಕ್ಕಪ್ಪ ಮೊನ್ನೆ ಫೋನು ಮಾಡಿದ್ದರು. ಹಬ್ಬಕ್ಕೆ ಬರುವಾಗ ಆ ಮೇಟಿ ತೋರಿಸುವುದನ್ನು ಮರೆಯದೆ ತರಬೇಕಂತೆ. ಪಕ್ಕದ ಹೊಲದವರಿಗೂ ಹೇಳಿಟ್ಟಿದ್ದಾರೆ. ಎಂಟು ಗಂಟೆಯವರೆಗೆ ಹೊಲದ ಮನೆಯ ದೀಪ ಹಚ್ಚುವುದಿಲ್ಲ ಎಂದು ಚಿಕ್ಕಮ್ಮನನ್ನು ಒಪ್ಪಿಸಿದ್ದಾರೆ.