ಇಂಗ್ಲೆಂಡಿನ ಪಬ್: ಗೇಣಿಗೋ, ಸ್ವಂತಕ್ಕೋ, ಊರೊಟ್ಟಿಗೋ?

ಕೈಯಲ್ಲಿ ಹಣ ಕಡಿಮೆಯಿದ್ದರೆ ಹಲವು ಪಬ್‌ಗಳ ಒಡೆತನವಿರುವ ಕಂಪನಿಯೊಂದರ ಪಬ್ಬನ್ನು ಗೇಣಿಗೆ ಹಿಡಿಯುವುದೇ ಸುಲಭ. ಆದರೆ ಬಿಯರನ್ನು ಅವರಿಂದಲೇ, ಅವರು ಹೇಳಿದ ಬೆಲೆಗೇ ಕೊಳ್ಳಬೇಕು. ಲಾಭ ಅಲ್ಲೇ ಸೋರಿಹೋಗುತ್ತದೆ. ಇಂಥ 500 ಅಥವಾ ಹೆಚ್ಚು ಪಬ್‌ಗಳಿರುವ ಕಂಪನಿಯಾದರೆ, 2016ರ ನಿಯಮಾವಳಿಯಂತೆ ಕೆಲವು ಸಂದರ್ಭಗಳಲ್ಲಿ ಬಿಯರಿನ ಈ ಕಟ್ಟುಪಾಡು ಬಿಟ್ಟು ಬರಿಯ ಮಾರುಕಟ್ಟೆ ಬಾಡಿಗೆಗೆ ಬದಲಾಗಲು ಕೇಳಬಹುದು. ಸಹಿ ಹಾಕುವ ಮುನ್ನವೇ ಇದನ್ನು ವಿಚಾರಿಸಿಕೊಳ್ಳಿ.

ಸ್ವಂತ ಪಬ್ಬಿಗೆ ಯಾವ ಬಿಯರನ್ನಾದರೂ ತರಿಸಬಹುದು. ಸೂರು ಸೋರಿದರೂ ಸಾಲ ಏರಿದರೂ ಹೊಣೆ ನಿಮ್ಮದೇ. ಬಂಡವಾಳವೂ ಅನುಭವವೂ ಇದ್ದವರಿಗೆ ಇದು ಸರಿ.

ಮುಚ್ಚುತ್ತಿರುವುದು ಊರಿನ ಕೊನೆಯ ಪಬ್ಬಾಗಿದ್ದರೆ ನನ್ನ ಮನಸ್ಸು ಸಹಕಾರಿ ಒಡೆತನದತ್ತ ವಾಲುತ್ತದೆ. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಹಳ್ಳಿಯ ಓಲ್ಡ್ ಕ್ರೌನ್ 2003ರಲ್ಲಿ ಹೀಗೆಯೇ ಸಹಕಾರಿ ಸಂಘದ ಕೈಸೇರಿತು. ಸಭೆಗಳು ಹಲವು, ತೀರ್ಮಾನಗಳು ನಿಧಾನ. ಆದರೆ ಷೇರು ಕೊಂಡವರೇ ಸಂಜೆ ಗಿರಾಕಿಗಳಾಗಿಯೂ ಬರುತ್ತಾರೆ.