36ರಿಂದ 48 ವೋಲ್ಟ್‌ಗೆ: ಚಿಕ್ಕಮಗಳೂರಿನ ಏರಿಗೆ ಯಾವ ಪ್ಯಾಕ್?

ಮೊದಲೇ ಹೇಳಿಬಿಡುತ್ತೇನೆ. 36 ವೋಲ್ಟ್ ಇ-ಸೈಕಲ್ಲನ್ನು ನಮ್ಮ ಕಡೆಯ ಏರುಗಳಿಗೆ ತಯಾರು ಮಾಡುವುದಾದರೆ ನನ್ನ ಆಯ್ಕೆ 13ಎಸ್ (13 ಸೆಲ್ ಸೀರೀಸ್‌ನಲ್ಲಿ) ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಲಿಥಿಯಂ) ಬ್ಯಾಟರಿ ಪ್ಯಾಕ್. 16ಎಸ್ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಪ್ಯಾಕನ್ನೂ, ಹಳೆಯ 36 ವೋಲ್ಟ್‌ನ 10ಎಸ್ ಪ್ಯಾಕಿಗೆ 3ಎಸ್ ಬೂಸ್ಟರ್ (ಚಿಕ್ಕ ಹೆಚ್ಚುವರಿ ಪ್ಯಾಕ್) ಜೋಡಿಸುವ ಅಗ್ಗದ ದಾರಿಯನ್ನೂ ಒಂದೇ 250 ವ್ಯಾಟ್ ಹಬ್ ಮೋಟರಿನ (ಚಕ್ರದ ನಡುವೆ ಕೂರುವ ಮೋಟರ್) ಮೇಲೆ ಓಡಿಸಿ ನೋಡಿದ ಮೇಲೂ ಅದು ಬದಲಾಗಿಲ್ಲ.

ವೋಲ್ಟೇಜ್ ಏರಿಸಬೇಕೇ ಎನ್ನುವವರಿಗೆ ಒಂದು ಲೆಕ್ಕ. ಊರು ಇರುವುದು ಸುಮಾರು 1,090 ಮೀಟರ್ ಎತ್ತರದಲ್ಲಿ, ಮುಳ್ಳಯ್ಯನಗಿರಿ 1,930. ಸವಾರ, ಸೈಕಲ್, ಸಾಮಾನು ಸೇರಿ 110 ಕೆಜಿಯನ್ನು ಆ 840 ಮೀಟರ್ ಎತ್ತಲು ಚಕ್ರದಲ್ಲೇ 250 ವ್ಯಾಟ್-ಅವರ್ ಬೇಕು. ದಕ್ಷತೆ 75% ಎಂದು ಹಿಡಿದರೆ ಬ್ಯಾಟರಿಯಿಂದ ಹೋಗುವುದು 335. 36 ವೋಲ್ಟ್, 7.5 ಆಂಪಿಯರ್-ಅವರ್ ಪ್ಯಾಕಿನಲ್ಲಿ ಇರುವುದೇ 270. ಉಳಿದದ್ದನ್ನು ಕಾಲು ಕೊಡಬೇಕು. 48 ವೋಲ್ಟ್‌ನಲ್ಲಾದರೆ ಅಷ್ಟೇ ಆಂಪಿಯರ್-ಅವರ್‌ಗೆ ಹೆಚ್ಚು ವ್ಯಾಟ್-ಅವರ್ ಸಿಗುತ್ತದೆ. ಜೊತೆಗೆ ಅದೇ 15 ಆಂಪಿಯರ್ ಕರೆಂಟಿಗೆ 540 ವ್ಯಾಟ್ ಬದಲು 720 ಸಿಗುತ್ತದೆ, ಹಾಗಾಗಿ ಏರಿನಲ್ಲಿ ಚಕ್ರ ತೆವಳುವುದಿಲ್ಲ. ಹಬ್ ಮೋಟರ್ ತೀರಾ ನಿಧಾನವಾಗಿ ತಿರುಗುವಾಗಲೇ ಕರೆಂಟಿನ ದೊಡ್ಡ ಪಾಲು ಬರೀ ಬಿಸಿಯಾಗಿ ಹೋಗುತ್ತದೆ.

ಬೂಸ್ಟರ್ ದಾರಿ ಬೇಡ. ಪೂರ್ತಿ ಚಾರ್ಜ್ ಆದಾಗ 42ಕ್ಕೆ 12.6 ಸೇರಿ 54.6 ವೋಲ್ಟ್ ಆಗುತ್ತದೆ, ಕಾಗದದ ಮೇಲೆ 13ಎಸ್‌ಗೆ ಸಮ. ಆದರೆ ಸೀರೀಸ್‌ನಲ್ಲಿರುವ ಎರಡು ಪ್ಯಾಕ್‌ಗಳಲ್ಲಿ ಚಿಕ್ಕದರ ಬಿಎಂಎಸ್ (ಸೆಲ್‌ಗಳನ್ನು ಕಾಯುವ ರಕ್ಷಣಾ ಬೋರ್ಡ್) ಮೊದಲು ಕಟ್ ಆದಾಗ ಎರಡೂ ಪ್ಯಾಕ್‌ಗಳ ಒಟ್ಟು ವೋಲ್ಟೇಜ್ ಅದರ ಮಾಸ್ಫೆಟ್ (ಕರೆಂಟ್ ಕಡಿಯುವ ಎಲೆಕ್ಟ್ರಾನಿಕ್ ಸ್ವಿಚ್) ಮೇಲೆ ಬೀಳುತ್ತದೆ. 12 ವೋಲ್ಟ್‌ಗೆಂದು ಮಾಡಿದ ಮಾಸ್ಫೆಟ್ ಅದನ್ನು ತಡೆಯದೆ ಸುಡುತ್ತದೆ, ಹೆಚ್ಚಾಗಿ ಶಾರ್ಟ್ ಆಗಿಯೇ ಸುಡುತ್ತದೆ. ಆಮೇಲೆ ಸೈಕಲ್ ಮಾಮೂಲಾಗಿ ಓಡುತ್ತದೆ, ರಕ್ಷಣೆ ಮಾತ್ರ ಇರುವುದಿಲ್ಲ.

ಎಲ್‌ಎಫ್‌ಪಿಯದು ಬೇರೆ ಕಥೆ. ಬಾಳಿಕೆಯಲ್ಲಿ ಅದು ಎನ್‌ಎಂಸಿಗಿಂತ ಬಹಳ ಮುಂದು, ಬೆಂಕಿಯ ಅಪಾಯವೂ ಕಡಿಮೆ. ಆದರೂ ನಾನು ಅದನ್ನು ಕೈಬಿಡುವಂತೆ ಮಾಡಿದ್ದು ಡಿಸ್‌ಪ್ಲೇಯ ಚಾರ್ಜ್ ಗೆರೆಗಳು.

48 ವೋಲ್ಟ್‌ಗೆ ಇಟ್ಟ ಡಿಸ್‌ಪ್ಲೇ ವೋಲ್ಟೇಜ್ ನೋಡಿ ಗೆರೆ ತೋರಿಸುತ್ತದೆ, ಅದರ ಅಳತೆ 13ಎಸ್ ಎನ್‌ಎಂಸಿಯದು. ಎನ್‌ಎಂಸಿ 54.6ರಿಂದ ಮೆಲ್ಲಗೆ ಇಳಿಯುತ್ತಾ ಬರುವುದರಿಂದ ಗೆರೆಗಳೂ ಸರಿಯಾಗಿ ಇಳಿಯುತ್ತವೆ. ಎಲ್‌ಎಫ್‌ಪಿ ಹಾಗಲ್ಲ. ಚಾರ್ಜರಿನಿಂದ ಬಿಡಿಸಿದ ಮೇಲೆ 58.4ರಿಂದ 53ರ ಆಸುಪಾಸಿಗೆ ಬಂದು, ಚಾರ್ಜಿನ ಬಹುಪಾಲು ಖರ್ಚಾಗುವವರೆಗೂ 51–53ರ ನಡುವೆಯೇ ಕೂತಿರುತ್ತದೆ. ಡಿಸ್‌ಪ್ಲೇಗೆ ಅದು ಹೆಚ್ಚುಕಡಿಮೆ ತುಂಬಿದ ಬ್ಯಾಟರಿ. ಕೊನೆಯ 10%ನಲ್ಲಿ ಗೆರೆಗಳೆಲ್ಲ ಒಟ್ಟಿಗೆ ಜಾರುತ್ತವೆ.

ಬಯಲುಸೀಮೆಯಲ್ಲಿ ಇದೊಂದು ಕಿರಿಕಿರಿ ಅಷ್ಟೆ. ಇಲ್ಲಿ ಬೆಳಿಗ್ಗೆ ಪೇಟೆಗೆ ಬರುವುದು ಇಳಿಜಾರಿನಲ್ಲಿ, ಸಂಜೆ ಕೈಮರದ ಕಡೆ ಮನೆಗೆ ಹತ್ತುವುದು ದಿನದ ಕೊನೆಯಲ್ಲಿ, ಅಂದರೆ ಬ್ಯಾಟರಿಯ ಕೊನೆಯ ಪಾಲಿನಲ್ಲಿ. ಎಷ್ಟು ಉಳಿದಿದೆ ಎಂದು ತಿಳಿಯಲೇಬೇಕಾದ ಹೊತ್ತಿನಲ್ಲೇ ಗೆರೆ ಸುಳ್ಳು ಹೇಳುತ್ತದೆ. 48 ವೋಲ್ಟ್ ಕಂಟ್ರೋಲರ್‌ಗಳು (ಮೋಟರಿಗೆ ಕರೆಂಟ್ ಹದ ಮಾಡುವ ಪೆಟ್ಟಿಗೆ) ಸಾಮಾನ್ಯವಾಗಿ 42ರ ಹತ್ತಿರ ಮೋಟರ್ ನಿಲ್ಲಿಸುತ್ತವೆ. 13ಎಸ್‌ನಲ್ಲಿ ಅದು ಸೆಲ್‌ಗೆ 3.2 ವೋಲ್ಟ್, ಬಿಎಂಎಸ್ ಇನ್ನೂ ಕಟ್ ಆಗಿರುವುದಿಲ್ಲ, ಅಂದರೆ ಮೋಟರ್ ನಿಂತರೂ ಲೈಟ್ ಉರಿಯುತ್ತದೆ. 16ಎಸ್‌ನಲ್ಲಿ ಅದೇ 42 ಎಂದರೆ ಸೆಲ್‌ಗೆ 2.6. ಅಷ್ಟರೊಳಗೆ ಯಾವುದೋ ಒಂದು ದುರ್ಬಲ ಸೆಲ್ 2.5 ಮುಟ್ಟಿ ಬಿಎಂಎಸ್ಸೇ ಕಟ್ ಆಗುತ್ತದೆ, ಹೆಡ್‌ಲೈಟೂ ಆರುತ್ತದೆ. ಮಂಜು ಮುಸುಕಿದ ತಿರುವಿನಲ್ಲಿ ಇದನ್ನು ಸಣ್ಣ ವಿಷಯ ಎಂದು ನಾನು ಒಪ್ಪುವುದಿಲ್ಲ.

ಪರಿಹಾರ ಇದೆ: ಆಂಪಿಯರ್-ಅವರ್ ಎಣಿಸುವ ಶಂಟ್ ಮೀಟರ್, ಅಥವಾ ಮೊಬೈಲಿಗೆ ಬ್ಲೂಟೂತ್‌ನಲ್ಲಿ ಲೆಕ್ಕ ತೋರಿಸುವ ಬಿಎಂಎಸ್. ಎರಡೂ ಲೆಕ್ಕ ತಪ್ಪದಿರಲು ಆಗಾಗ ಪೂರ್ತಿ ಚಾರ್ಜ್ ಮಾಡಬೇಕು. ಮಲೆನಾಡಿನ ಮಳೆಯಲ್ಲಿ ಹ್ಯಾಂಡಲ್ ಮೇಲೆ ಇನ್ನೊಂದು ಮೀಟರ್ ಒಣಗಿರುವಂತೆ ನೋಡಿಕೊಳ್ಳುವ ತಾಳ್ಮೆ ನನಗಿಲ್ಲ.

ತೂಕ: 13ಎಸ್4ಪಿಗೆ (13ರ ಸಾಲು ನಾಲ್ಕು ಪ್ಯಾರಲಲ್) 18650 ಅಳತೆಯ 52 ಸೆಲ್, ಸುಮಾರು 2.4 ಕೆಜಿ. 16ಎಸ್2ಪಿಗೆ 32700 ಅಳತೆಯ 32 ಸೆಲ್, ಸುಮಾರು 4.6 ಕೆಜಿ. ಮೊದಲನೆಯದು ಫ್ರೇಮಿನ ಡಬ್ಬಿಯಲ್ಲೇ ಕೂರುತ್ತದೆ. ಎರಡನೆಯದನ್ನು ಕ್ಯಾರಿಯರ್ ಮೇಲೆ ಕಟ್ಟಬೇಕು, ಏರಿನಲ್ಲಿ ಮುಂದಿನ ಚಕ್ರ ಹಗುರಾಗುತ್ತದೆ.

ಯಾವುದನ್ನು ಆರಿಸಿದರೂ ಹಳೆಯ ಕಂಟ್ರೋಲರ್ ಬಿಚ್ಚಿ ದೊಡ್ಡ ಕೆಪಾಸಿಟರ್ ಮೇಲಿನ ಅಂಕಿ ಓದಿ. 50 ವೋಲ್ಟ್ ಇದ್ದರೆ 48ರ ಪ್ಯಾಕ್ ಹಾಕಲೇಬೇಡಿ, ಅದು ಉಬ್ಬಿ ಸಿಡಿಯುತ್ತದೆ. 63 ಇದ್ದರೆ 13ಎಸ್‌ಗೆ ನೆಮ್ಮದಿ, 16ಎಸ್‌ನ 58.4ಕ್ಕೆ ಅಂತರ ತೀರಾ ಕಡಿಮೆ. ಬಿಚ್ಚುವ ಮುಂಚೆ ಬ್ಯಾಟರಿ ತೆಗೆದು ಪವರ್ ಬಟನ್ ಒತ್ತಿ ಹಿಡಿದು ಕೆಪಾಸಿಟರ್ ಖಾಲಿ ಮಾಡಿ, ಮಲ್ಟಿಮೀಟರ್‌ನಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಫ್ಯೂಸ್ ಕೂಡ ಬದಲಿಸಿ: ಕಾರಿನ ಸಾಮಾನ್ಯ ಬ್ಲೇಡ್ ಫ್ಯೂಸ್ 32 ವೋಲ್ಟ್‌ನದು, ಕರಗಿದ ಮೇಲೂ ಒಳಗೆ ಕಿಡಿ ಹಾರಿ ಕರೆಂಟ್ ಹರಿಯಬಹುದು. 13ಎಸ್‌ಗೆ 58 ವೋಲ್ಟ್‌ನದೇ ಕೇಳಿ, 16ಎಸ್‌ಗೆ ಅದಕ್ಕಿಂತ ಹೆಚ್ಚಿನದು ಬೇಕು. ಜೋಡಿಸುವಾಗ ಚಟ್ ಎನ್ನುವ ಕಿಡಿ ತಪ್ಪಿಸಲು ಎಕ್ಸ್‌ಟಿ90-ಎಸ್ ಕನೆಕ್ಟರ್ ಸಾಕು.

ನೋಂದಣಿ, ಲೈಸೆನ್ಸ್ ಬೇಡವೆನ್ನುವ ವಿನಾಯಿತಿ 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಮೀ ಒಳಗಿನ ವಾಹನಕ್ಕೆ ಮಾತ್ರ. 48ರಲ್ಲಿ ಸಮತಟ್ಟಿನ ವೇಗ ಮೂರನೇ ಒಂದು ಪಾಲಿನವರೆಗೂ ಹೆಚ್ಚಬಹುದು. ಎಸ್ಟೇಟಿನ ಒಳರಸ್ತೆಯ ಮಾತು ಬೇರೆ. ಡಾಂಬರು ರಸ್ತೆಗೆ ಇಳಿಯುವ ಮುಂಚೆ ಸೆಟ್ಟಿಂಗ್‌ನಲ್ಲಿ ವೇಗ, ಕರೆಂಟ್ ಎರಡನ್ನೂ ಇಳಿಸಿ.

ಪ್ಯಾಕ್, ಕಂಟ್ರೋಲರ್, ಚಾರ್ಜರ್ ಮೂರೂ ಸೇರಿಸಿಯೇ ಬಜೆಟ್ ಹಾಕಿ. ಕಡೂರು, ಅರಸೀಕೆರೆಯ ಬಯಲಿನಲ್ಲಿ ದಿನವಿಡೀ ಡೆಲಿವರಿ ಮಾಡುವವರು ಎಲ್‌ಎಫ್‌ಪಿಯನ್ನೇ ತೆಗೆದುಕೊಳ್ಳಲಿ, ಅಲ್ಲಿ ಅದರ ಬಾಳಿಕೆಯಿಂದ ದುಡ್ಡು ಉಳಿಯುತ್ತದೆ. ಮನೆಯಲ್ಲಿ ಎರಡೂ ಬಗೆ ಇದ್ದರೆ ಒಂದು ಚಾರ್ಜರಿನ ಪಿನ್ ಬದಲಿಸಿಬಿಡಿ. 58.4ರ ಚಾರ್ಜರ್ 13ಎಸ್ ಪ್ಯಾಕಿಗೆ ಸಿಕ್ಕಿದರೆ ಸೆಲ್‌ಗೆ 4.49 ವೋಲ್ಟ್ ಹೋಗಬಹುದು; ಆಗ ತಡೆಯಲು ಉಳಿಯುವುದು ಬಿಎಂಎಸ್ ಒಂದೇ.